ಅಕ್ಕನ ರಕ್ತ ಬೆರೆಸಿದ ತಟ್ಟೆ

ಹನ್ನೊಂದು ವರ್ಷದಿಂದ ಅವಳು ಪ್ರಯೋಗಾಲಯದಲ್ಲಿ ಬೂಷ್ಟು ಸಾಕುತ್ತಿದ್ದಳು. ಅದಕ್ಕೇ ಅಕ್ಕ ಅವಳಿಗೆ ಬೂಷ್ಟಮ್ಮ ಎಂದು ಹೆಸರಿಟ್ಟಿದ್ದಳು. ಹೆಸರಿಟ್ಟವಳ ಶ್ವಾಸಕೋಶಕ್ಕೇ ಈಗ ಬೂಷ್ಟು ಹತ್ತಿತ್ತು. ಇದ್ದಬದ್ದ ಔಷಧಿಗಳಿಗೆಲ್ಲ ಅದು ಕ್ಯಾರೇ ಅಂದಿರಲಿಲ್ಲ.

ಬೂಷ್ಟಮ್ಮನ ಕೈಯಲ್ಲಿ ಒಂದು ಪುಡಿಯಿತ್ತು. ಲೈಸಿನ್ ಎಂಬ ಅಮೈನೋ ಆಮ್ಲವನ್ನು ನಾವು ಉಂಡೇ ಪಡೆಯಬೇಕು. ಬೂಷ್ಟಾದರೋ ತನ್ನ ಕಣದೊಳಗೇ ಬೇಯಿಸಿಕೊಳ್ಳುತ್ತದೆ. ಆ ಒಲೆಯನ್ನು ಆರಿಸುವ ಪುಡಿ ಅದು. ನಮ್ಮಲ್ಲಿ ಆ ಒಲೆಯೇ ಇಲ್ಲ, ಆರುವ ಮಾತೆಲ್ಲಿ ಬಂತು? ಅವಳ ಗಾಜಿನ ತಟ್ಟೆಗಳಲ್ಲಿ ಬೂಷ್ಟು ಪ್ರತಿ ಸಲವೂ ಸತ್ತಿತ್ತು. ಅಕ್ಕನಿಗೆ ಕೊಟ್ಟು ನೋಡಲು ಅನುಮತಿ ಕೇಳೋಣ ಎಂದು ಆಸ್ಪತ್ರೆಯ ಡಾಕ್ಟರೂ ಒಪ್ಪಿದ್ದರು.

ಅರ್ಜಿಗೆ ಸಹಿ ಹಾಕುವ ಮೊದಲು ಅವರು ಕೇಳಿದರು, "ರಕ್ತದಲ್ಲಿ ಪರೀಕ್ಷೆ ಮಾಡಿದೀರಲ್ಲಾ?"

ಮಾಡಿರಲಿಲ್ಲ. ಉಪ್ಪು, ಸಕ್ಕರೆ, ಚೂರು ಸಾರಜನಕ ಬಿಟ್ಟರೆ ಏನೂ ಇಲ್ಲದ ಬಡಕಲು ತಟ್ಟೆಯಲ್ಲೇ ಬೂಷ್ಟು ಬೆಳೆಸುವುದು ಪ್ರಯೋಗಾಲಯದ ರೂಢಿ. ಫಲಿತಾಂಶ ಚೊಕ್ಕವಾಗಿ ಬರುತ್ತಿತ್ತು, ಪ್ರಬಂಧಗಳೂ ಅಚ್ಚಾಗುತ್ತಿದ್ದವು, ಇನ್ನೇನು ಬೇಕು?

ಅಕ್ಕ ತಾನೇ ತೋಳು ಚಾಚಿದಳು. "ತಗೋ. ಚಿಕ್ಕೋಳಿದ್ದಾಗ ನನ್ನ ಪಾಲಿಂದೂ ಕಿತ್ಕೊಂಡು ತಿಂತಿದ್ದೆ. ಈಗ ಕೇಳಿ ತಗೋತಿದೀಯ, ಬುದ್ಧಿ ಬಂದಿದೆ."

ಬೂಷ್ಟಮ್ಮ ಬೂಷ್ಟು ಬಿತ್ತಿದ ಎರಡು ತಟ್ಟೆಗಳಿಗೂ ಪುಡಿ ಹಾಕಿದಳು, ಒಂದಕ್ಕೆ ಮಾತ್ರ ಅಕ್ಕನ ರಕ್ತದ ತಿಳಿ ಬೆರೆಸಿದಳು. ಮೂರನೆಯ ದಿನ ಬೆಳಿಗ್ಗೆ ತೆರೆದರೆ ಬಡಕಲು ತಟ್ಟೆ ಬೋಳಾಗಿತ್ತು. ರಕ್ತದ ತಟ್ಟೆಯಲ್ಲಿ ಹಸಿರು ಬೂಷ್ಟು ಅಂಚಿನವರೆಗೆ ಹಬ್ಬಿತ್ತು. ಮನೇಲಿ ಹುಲಿ, ಬೀದೀಲಿ ಇಲಿ. ಅವಳ ಪುಡಿಯ ಪ್ರತಾಪ ಅಷ್ಟೇ. ರಕ್ತದಲ್ಲಿ ಲೈಸಿನ್ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕರೆ ಬೂಷ್ಟು ತನ್ನ ಒಲೆಯನ್ನು ತಾನೇ ತಗ್ಗಿಸಿ ಕೂರುತ್ತದೆ. ವರ್ಷವರ್ಷವೂ ಇದನ್ನೇ ವಿದ್ಯಾರ್ಥಿಗಳಿಗೆ ಪಾಠ ಮಾಡಿದವಳು ಅವಳೇ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಡಾಕ್ಟರು ಅರ್ಜಿಯನ್ನು ಹಿಂದಕ್ಕೆ ಕೊಟ್ಟರು. "ನನ್ನ ಹತ್ರ ಬೇರೇನೂ ಉಳಿದಿಲ್ಲಮ್ಮ" ಎಂದರು.

ಮಧ್ಯಾಹ್ನ ಅಕ್ಕನಿಗೆ ಸುಳ್ಳು ಹೇಳಲಾಗಲಿಲ್ಲ. ಎಲ್ಲ ಕೇಳಿ ಅಕ್ಕ ಅಂದಳು, "ಹಾಗಾದ್ರೆ ನಾನೇ ಅದಕ್ಕೆ ಊಟ ಹಾಕ್ತಿದೀನಿ ಅನ್ನು."

"ಹೂಂ ಅಕ್ಕ."

"ನಾನು ಉಪವಾಸ ಬಿದ್ರೆ?"

"ನಿನ್ನ ಮೈ ಕರಗುತ್ತೆ. ಅದನ್ನೇ ತಿನ್ನುತ್ತೆ."

ಅಕ್ಕ ಸೂಪಿನ ಬಟ್ಟಲತ್ತ ಕಣ್ಣು ತೋರಿಸಿ ಬಾಯಿ ತೆರೆದಳು. ಒಂದೊಂದು ಚಮಚವೂ ಇಬ್ಬರ ಪಾಲಾಗುತ್ತದೆಂದು ಗೊತ್ತಿದ್ದೂ ತಂಗಿ ಬಟ್ಟಲು ಬರಿದಾಗುವವರೆಗೆ ಸೂಪು ಕುಡಿಸಿದಳು.