ರಿಂಗಾಗುವ ಮುನ್ನ

ಮಿಸ್ಡ್ ಕಾಲ್ ಕೊಟ್ಟೂ ಕೊಟ್ಟೂ ಡಾಕ್ಟರಿಗೆ ತನ್ನ ಮೇಲೆ ಬೇಸರ ಬಂದುಬಿಟ್ಟರೆ? ನೀಲಾಂಬಿಕೆ ತನಗೆ ತಾನೇ ಒಪ್ಪಿಕೊಂಡ ಮೊದಲ ಅಂಜಿಕೆ ಇಷ್ಟೇ. ಡೈರಿಯಲ್ಲಿ ಬರೆಯಲೂ ನಾಚಿಕೆಯಾಗುವಷ್ಟು ಸಣ್ಣದು.

ಬಿ.ಎ. ಮುಗಿಸಿ ಹೊಳೆನರಸೀಪುರದ ಮನೆಯಲ್ಲಿದ್ದ ಅವಳಿಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಈಗಲೇ ಸತ್ತುಹೋಗುತ್ತೇನೆಂಬ ದಿಗಿಲು ಹತ್ತುತ್ತಿತ್ತು. ಹಾಸನದ ಮನೋವೈದ್ಯ ಮುರಳೀಕೃಷ್ಣ ಒಂದು ಉಪಾಯ ಹೇಳಿದ್ದರು.

"ಆಮೇಲೆ ಕೇಳಿದ್ರೆ ನೀವು 'ಪರವಾಗಿಲ್ಲ' ಅಂದ್ಬಿಡ್ತೀರಮ್ಮ. ದಿಗಿಲು ಬಂದ ಗಳಿಗೇಲೇ ನನ್ನ ಮೊಬೈಲಿಗೊಂದು ಮಿಸ್ಡ್ ಕಾಲ್ ಕೊಡಿ. ತಡ್ಕೊಳಕ್ಕಾಗ್ದಿದ್ರೆ ಎರಡು. ಯಾವ ಹೊತ್ತಲ್ಲಿ ಏರುತ್ತೆ ಅಂತ ನೋಡ್ಕೊಂಡು ನಿಮಗೇ ಒಗ್ಗೋ ಹಾಗೆ ಮಾತ್ರೆ ಹೊಂದಿಸ್ತೀನಿ."

ಮನೆಗಿದ್ದದ್ದು ಒಂದೇ ಮೊಬೈಲು. ಅದು ತಾಯಿ ದಾಕ್ಷಾಯಣಮ್ಮನ ಸುಪರ್ದಿನಲ್ಲಿ. ಅವಳನ್ನು ನೋಡಿ ಒಪ್ಪಿದ್ದ ಚನ್ನರಾಯಪಟ್ಟಣದ ಗಂಡಿನ ಕಡೆಯವರು ಅದಕ್ಕೇ ಫೋನ್ ಮಾಡುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಡಾಕ್ಟರ ನಂಬರು ತಾಯಿಯ ಕಣ್ಣಿಗೆ ಬಿತ್ತು.

"ಏನೇ ಇದು, ಸಾಲಾಗಿ ಇವ್ರುದೇ ನಂಬರು? ನಾಳೆ ಬೀಗ್ರು ಬಂದು ಫೋನ್ ಮುಟ್ಟುದ್ರೆ ಏನಂತ ಏಳ್ಲಿ? ಉಡುಗಿಗೆ ತಲೆ ಕೆಟ್ಟದೆ, ಬಂದು ತಾಳಿ ಕಟ್ರಪ್ಪ ಅನ್ಲಾ?"

ಅಂದಿನಿಂದ ದಿಗಿಲು ಬಂದಾಗಲೆಲ್ಲ ನೀಲಾಂಬಿಕೆ ನಂಬರು ಒತ್ತಿ, ಅತ್ತ ರಿಂಗಾಗುವ ಮುನ್ನವೇ ಕಟ್ ಮಾಡಿ, ಅಳಿಸಿಬಿಡುತ್ತಿದ್ದಳು. ಫೋನು ಕೈಗೆ ಸಿಗದಿದ್ದರೆ ಬಚ್ಚಲುಮನೆಯ ಒದ್ದೆ ಗೋಡೆಯ ಮೇಲೆ ಬೆರಳಲ್ಲೇ ಅಂಕಿಗಳನ್ನು ಒತ್ತುತ್ತಿದ್ದಳು. ಅಷ್ಟು ಮಾಡಿದರೆ ಯಾರಿಗೋ ಹೇಳಿಕೊಂಡಂತಾಗುತ್ತಿತ್ತು, ಆದರೆ ಯಾರಿಗೂ ಹೇಳಿದಂತಾಗುತ್ತಿರಲಿಲ್ಲ.

ಕರೆಗಳು ನಿಂತದ್ದನ್ನು ಕಂಡ ಡಾಕ್ಟರು, ತೋರಿಸಲು ಹೋದಾಗ ಮಾತ್ರೆಯನ್ನು ಅರ್ಧಕ್ಕಿಳಿಸಿದರು. ಆಮೇಲೆ ನಿದ್ದೆ ಹೋಯಿತು. ತುತ್ತು ಗಂಟಲಲ್ಲೇ ನಿಲ್ಲತೊಡಗಿತು. ಮದುವೆಯಾಗಿ ಹೋದ ಮನೆಯಲ್ಲೂ ಹೀಗೇ ಗೋಡೆ ಒತ್ತುತ್ತಾ ಬದುಕಿ ತೀರುವುದು, ಇನ್ನೇನಿದೆ ಎಂದುಕೊಂಡಳು.

ಮುಂದಿನ ಸಲ ಹೋದಾಗ ಡಾಕ್ಟರು ತಮ್ಮ ಮೊಬೈಲು ನೋಡಿ ಮುಖ ಅರಳಿಸಿದರು. "ಒಂದೂ ಇಲ್ಲ! ಭೇಷ್. ಇನ್ನು ಮಾತ್ರೆ ನಿಲ್ಲಿಸೇಬಿಡೋಣ."

"ನಾ ಏಳ್ನಿಲ್ವಾ ಸಾ," ದಾಕ್ಷಾಯಣಮ್ಮ ನಕ್ಕಳು. "ಮದ್ವೆ ಗೊತ್ತಾಗ್ತಿದ್ದಂಗೇ ಎಲ್ಲ ಸರೋಯ್ತು. ಅಲ್ವೇನೇ?"

ಮೇಜಿನ ಕೆಳಗೆ ನೀಲಾಂಬಿಕೆಯ ಹೆಬ್ಬೆರಳು ತೊಡೆಯ ಮೇಲೆ ಅಂಕಿಗಳನ್ನು ಒತ್ತುತ್ತಿತ್ತು. ಒಮ್ಮೆ ಮುಗಿಸಿ ಮತ್ತೆ ಮೊದಲಿನಿಂದ. ಡಾಕ್ಟರು ಚೀಟಿಯಲ್ಲಿ ಮಾತ್ರೆಯ ಹೆಸರಿನ ಮೇಲೆ ಗೀಟೆಳೆಯಲು ಪೆನ್ನು ತೆಗೆದರು. ಹೂಂ ಅನ್ನು ಎಂಬಂತೆ ತಾಯಿಯ ಕೈ ಅವಳ ಮೊಣಕೈಯನ್ನು ಅಮುಕಿತು.

ಬೆರಳು ನಿಂತಿತು.

"ಈಗ್ಲೂ ಬಂದಿದೆ ಸಾರ್," ಎಂದಳು. "ತಡ್ಕೊಳಕ್ಕಾಗ್ತಿಲ್ಲ."