ವಕೀಲರು ಗುರುತಿಸಿದ ಹೆಂಗಸು

ಯಲಹಂಕದ ಹಳೇ ಪೇಟೆಯಲ್ಲಿದ್ದ ವಕೀಲ ಸೇತುರಾಮಯ್ಯನವರ ಕಚೇರಿಗೆ ಕಳ್ಳ ನುಗ್ಗುವ ಮಾತೇ ಇರಲಿಲ್ಲ. ಕಿಟಕಿಗೆ ದಪ್ಪ ಸರಳು, ಬಾಗಿಲಿಗೆ ಅಗುಳಿ, ಒಳಕೋಣೆಯಲ್ಲಿ ಆಳುಗಳು ಸೇರಿ ನೂಕಿದರೂ ಕದಲದ ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಎರಡು ಬೀಗ. ಒಂದರ ಕೀಲಿ ವಕೀಲರ ಬಳಿ, ಇನ್ನೊಂದರದು ಗುಮಾಸ್ತ ಮುಜಫ್ಫರನ ಸೊಂಟದಲ್ಲಿ. ಸುತ್ತಲ ಹಳ್ಳಿಯವರು ತಮ್ಮ ಜಮೀನಿನ ಮೂಲಪತ್ರಗಳನ್ನು ತಂದು ಅಲ್ಲೇ ಇಡುತ್ತಿದ್ದರು. ಮನೆಯಲ್ಲಿಟ್ಟರೆ ಇಲಿ ತಿನ್ನುತ್ತದೆ, ಇಲ್ಲವೇ ದಾಯಾದಿ ಎತ್ತಿಕೊಂಡು ಹೋಗುತ್ತಾನೆ. ಸೇತುರಾಮಯ್ಯನವರಿಗೆ ಆ ಪೆಟ್ಟಿಗೆಯ ಬಗ್ಗೆ ಇದ್ದದ್ದು ಸಣ್ಣ ಜಂಬವಲ್ಲ.

ಕಾನೂನಿನ ವಿಷಯದಲ್ಲೂ ಅವರದು ಭಾರಿ ಕಟ್ಟುನಿಟ್ಟು. ಛಾಪಾಕಾಗದದ ಬೆಲೆ ಒಂದು ಕಾಸು ಕಮ್ಮಿಯಿದ್ದರೂ ಪತ್ರ ಬರೆಯುತ್ತಿರಲಿಲ್ಲ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ವಕೀಲರನ್ನು ಕಂಡರೆ ಉರಿದು ಬೀಳುತ್ತಿದ್ದರು. ಇದೆಲ್ಲದರ ಜೊತೆಗೆ, ಊರೇ ಕೊಂಡಾಡುತ್ತಿದ್ದ ಇನ್ನೊಂದು ಗುಣ ಅವರಿಗಿತ್ತು. ಹೆಂಗಸರ ಮುಖವನ್ನು ತಲೆಯೆತ್ತಿ ನೋಡುವವರಲ್ಲ. ಕಕ್ಷಿಗಾರ್ತಿ ಬಂದರೆ ನೆಲ ನೋಡಿಕೊಂಡೇ ಪ್ರಶ್ನೆ ಕೇಳುವರು; ಜೊತೆಗೆ ಬಂದ ಗಂಡಸು ಉತ್ತರ ಹೇಳುವನು. ರಿಜಿಸ್ಟ್ರಾರರ ಮುಂದೆ ‘ಈಕೆಯನ್ನು ನಾನು ಖುದ್ದಾಗಿ ಬಲ್ಲೆ’ ಎಂದು ಗುರುತಿನ ಸಹಿ ಹಾಕುವಾಗಲೂ ಅಷ್ಟೇ. ಅಣ್ಣನೋ ಮಗನೋ ‘ಇವಳೇ ಅವಳು’ ಎಂದರೆ ಮುಗಿಯಿತು. ಮರ್ಯಾದಸ್ಥರ ಮನೆಯ ಹೆಣ್ಣಿಗೆ ಸೆರಗು ಸರಿಸಮ್ಮ ಎನ್ನುವುದುಂಟೇ? ಹೀಗೆ ಕೇಳುತ್ತಿದ್ದ ಮನುಷ್ಯನನ್ನು ಊರೂ ಹೊಗಳಿತು, ರಿಜಿಸ್ಟ್ರಾರರ ಕಚೇರಿಯೂ ಹೊಗಳಿತು. ಎಲ್ಲರ ಬುದ್ಧಿಗೂ ಮಂಕು ಕವಿದಿತ್ತು ಎನ್ನದೆ ಬೇರೇನು ಹೇಳುವುದು?

ಅರವತ್ತೊಂದನೇ ಇಸವಿಯಲ್ಲಿ, ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಪಕ್ಕದ ಕೋಗಿಲು ಹಳ್ಳಿಯಿಂದ ಮುನಿಗಂಗಮ್ಮ ಒಬ್ಬಳೇ ನಡೆದು ಬಂದಳು. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅಂದಿನಿಂದ ಅವನು ಬಿಟ್ಟುಹೋದ ಹೊಲವನ್ನು ತಾನೇ ನಿಂತು ಉಳಿಸಿಕೊಂಡು, ಅದರ ರಾಗಿಯಲ್ಲೇ ಬದುಕಿದವಳು. ಹಿಂದಿನ ದಿನ ಬೆಂಗಳೂರಿನವರು ಯಾರೋ ಅಳತೆಯ ಸರಪಳಿ ತಂದು, ಹೊಲ ನಮ್ಮದು ಎಂದರಂತೆ. ಅವಳಿಗೆ ಅದರಿಂದ ಭಯವೇನೂ ಆಗಿರಲಿಲ್ಲ, ನಗು ಬಂದಿತ್ತು. ಪತ್ರ ವಕೀಲರ ಪೆಟ್ಟಿಗೆಯಲ್ಲಿ ಭದ್ರವಾಗಿದೆಯಲ್ಲ, ಅದನ್ನು ತೋರಿಸಿ ಓಡಿಸೋಣ ಎಂದು ಬಂದಿದ್ದಳು.

ಅವಳು ಹೆಸರು ಹೇಳಿ ಪತ್ರ ಕೇಳಿದಾಗ ಸೇತುರಾಮಯ್ಯನವರು ಎಂದಿನಂತೆ ನೆಲ ನೋಡುತ್ತ, ಹೋದ ತಿಂಗಳು ನೀವೇ ಬಂದು ಮಾರಿದಿರಲ್ಲಮ್ಮ, ಮೂಲಪತ್ರವನ್ನೂ ತೆಗೆದುಕೊಟ್ಟೆನಲ್ಲ ಎಂದರು.

“ನಾನ್ಯಾವಾಗ ಬಂದಿದ್ದೆ ಸ್ವಾಮಿ?”

ವಕೀಲರು ತಲೆಯೆತ್ತಿದರು. ಅಂದು ಬಂದವಳ ಮುಖದೊಡನೆ ಈ ಮುಖವನ್ನು ಹೋಲಿಸಿ ನೋಡೋಣವೆಂದರೆ, ಆ ಮುಖವೇ ನೆನಪಿಗೆ ಬರಲಿಲ್ಲ. ನೋಡಿದ್ದರೆ ತಾನೇ ಬರುವುದು! ಅಂದು ಮುನಿಗಂಗಮ್ಮನ ತಮ್ಮ ಪಿಳ್ಳಪ್ಪ ಸೆರಗು ಹೊದ್ದ ಹೆಂಗಸೊಬ್ಬಳನ್ನು ಕರೆತಂದು, ನಮ್ಮಕ್ಕ ಎಂದಿದ್ದ. ಅವಳು ಬಾಯಿ ಬಿಟ್ಟಿರಲಿಲ್ಲ. ಮುಜಫ್ಫರನೂ ತಾವೂ ಸೇರಿ ಎರಡೂ ಬೀಗ ತೆಗೆದು, ಪತ್ರವನ್ನು ಕೈಯಾರೆ ಅವಳ ಕೈಗಿಟ್ಟಿದ್ದರು. ಬಲ್ಲೆ ಎಂದು ಸಹಿಯನ್ನೂ ಹಾಕಿದ್ದರು. ಕಳ್ಳನಿಗೆ ಸರಳು ಬಗ್ಗಿಸುವ ಕಷ್ಟವನ್ನೂ ಕೊಟ್ಟಿರಲಿಲ್ಲ.

ವಕೀಲರು ಇದನ್ನೆಲ್ಲ ಹೇಳಿದರು. ತಮ್ಮನ ಹೆಸರು ಕೇಳಿ ಮುನಿಗಂಗಮ್ಮ ಗೋಡೆ ಹಿಡಿದು ಕುಳಿತುಬಿಟ್ಟಳು. ಎತ್ತಿ ಆಡಿಸಿದ ತಮ್ಮ, ಇದ್ದೊಬ್ಬ ಮಗಳು ಗೌರಮ್ಮನನ್ನು ಅವನಿಗೇ ಧಾರೆಯೆರೆದು ಕೊಟ್ಟಿದ್ದಳು.

ದಾರಿಯಿದೆ ಎಂದರು ವಕೀಲರು. ರಿಜಿಸ್ಟ್ರಾರರ ಬಳಿ ಆ ಹೆಂಗಸಿನ ಹೆಬ್ಬೆಟ್ಟಿದೆ, ಅದು ನಿಮ್ಮದಕ್ಕೆ ಹೊಂದುವುದಿಲ್ಲ, ಕೋರ್ಟಿನಲ್ಲಿ ಮಾರಾಟ ನಿಲ್ಲುವುದಿಲ್ಲ, ಹೊಲ ನಿಮಗೇ ಬರುತ್ತದೆ. ಆದರೆ ಅದಕ್ಕೆ ವಕೀಲರು, ‘ಗೊತ್ತಿಲ್ಲದವಳನ್ನು ಬಲ್ಲೆ ಎಂದು ಸಹಿ ಹಾಕಿದೆ’ ಎಂದು ಬರೆದುಕೊಡಬೇಕಿತ್ತು. ಬರೆದರೆ ವಕೀಲಿಯ ಸನ್ನದು ಹೋದ ಹಾಗೆಯೇ. ಆದರೂ ಕಾಗದ ಎಳೆದುಕೊಂಡು ಬರೆಯಲು ಶುರುಮಾಡಿದರು. ಆ ಮಟ್ಟಿಗೆ ಅವರನ್ನು ಮೆಚ್ಚಲೇಬೇಕು.

“ಬರೀರಿ ಸ್ವಾಮಿ. ಅವ್ನು ಜೈಲ್ಗೇ ಓಗ್ಲಿ. ನನ್ ಮಗ್ಳುನ್ನ ನಾನ್ ಸಾಕ್ಕೊಂತೀನಿ,” ಎಂದಳು ಮುನಿಗಂಗಮ್ಮ. ಆಮೇಲೆ ತಡೆಯಲಾರದೆ, ನನ್ನ ವೇಷ ಹಾಕಿ ಬಂದ ಆ ಪಾಪಿ ಯಾರು, ನೋಡಲು ಹೇಗಿದ್ದಳು ಎಂದು ಕೇಳಿದಳು.

ಮುಖ ನೋಡಿಲ್ಲವಮ್ಮ ಎನ್ನುವಾಗ ವಕೀಲರಿಗೆ ನಾಚಿಕೆಯಾಯಿತು. ನೆಲವನ್ನೇ ನೋಡುತ್ತಿದ್ದವರಿಗೆ ಕಂಡದ್ದು ಪಾದ ಮಾತ್ರ. ಕಾಲುಂಗುರ ತೆಗೆದ ಬಿಳಿ ಗುರುತು ಇನ್ನೂ ಹಸಿಯಾಗಿತ್ತು, ಪಾಪ, ಈಚೆಗೆ ಗಂಡನನ್ನು ಕಳೆದುಕೊಂಡವಳು ಎಂದು ಮರುಗಿದ್ದರಂತೆ. ಎಡಗಾಲಿನ ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿತ್ತು.

ಮುನಿಗಂಗಮ್ಮನ ಮುಖದಲ್ಲಿ ರಕ್ತ ಇಂಗಿಹೋಯಿತು.

“ಎಡಗಾಲಾ?”

ಹೌದು ಎಂದರು. ಮಗಳು ಕೂಸಾಗಿದ್ದಾಗ ಎಣ್ಣೆ ನೀವಿ, ಬಟ್ಟೆ ಕಟ್ಟಿ, ಆ ಬೆರಳನ್ನು ನೆಟ್ಟಗೆ ಮಾಡಲು ಮುನಿಗಂಗಮ್ಮ ಹೆಣಗಿದ್ದಳು. ಆದರೂ ಗೌರಮ್ಮನ ಬೆರಳು ನೆಟ್ಟಗಾಗಿರಲಿಲ್ಲ. ಇದನ್ನು ಅವಳು ಅಳದೆ, ಬೇರೆ ಯಾರದೋ ಮನೆಯ ಸಂಗತಿ ಎಂಬಂತೆ ಹೇಳಿದಳು. ಗಂಡ ಬದುಕಿರುವಾಗಲೇ ಕಾಲುಂಗುರ ಕಳಚಿಟ್ಟು ಬಂದಿದ್ದಳಲ್ಲ ಗೌರಮ್ಮ, ಅದನ್ನು ನೆನೆದು ವಕೀಲರ ಮೈ ಝುಮ್ಮೆಂದಿತು.

“ಅವ್ಳಿಗೂ ಜೈಲಾ ಸ್ವಾಮಿ?”

“ಹೆಬ್ಬೆಟ್ಟು ಒತ್ತಿದೋಳು ಅವಳು. ಮೊದಲು ಅವಳನ್ನೇ ಹಿಡೀತಾರಮ್ಮ.”

ಮುನಿಗಂಗಮ್ಮ ಎದ್ದು ಬಂದು, ಬರೆಯುತ್ತಿದ್ದ ಕಾಗದದ ಮೇಲೆ ಅಂಗೈ ಊರಿದಳು. ಶಾಯಿ ಇನ್ನೂ ಆರಿರಲಿಲ್ಲ.

“ಬರೀಬ್ಯಾಡಿ. ಆ ಎಬ್ಬೆಟ್ಟು ನಂದೇ.”

ಸೇತುರಾಮಯ್ಯನವರಿಗೆ ಮೊದಲು ಹೊಳೆದದ್ದು ತಮ್ಮ ಸನ್ನದು ಉಳಿಯಿತು ಎಂಬುದು. ಆ ಸಮಾಧಾನ ತಮ್ಮೊಳಗಿಂದಲೇ ಎದ್ದದ್ದನ್ನು ಕಂಡು ಅವರಿಗೆ ಹೇಸಿಗೆಯಾಯಿತು. ಹೊಲ ಹೋದರೆ ಹೊಟ್ಟೆಗೇನು ಮಾಡುತ್ತೀರಮ್ಮ ಎಂದು ಕೇಳಿದರು, ಒಂದಲ್ಲ ಎರಡು ಸಲ ಕೇಳಿದರು. ಅವಳು ಬಾಗಿಲ ತನಕ ಹೋಗಿ ಅಲ್ಲೇ ನಿಂತಳು.

“ಅವತ್ತು ನಾನೇ ಬಂದಿದ್ದೆ ಅಂತ ಸಯಿ ಆಕಿದ್ದೀರಲ್ಲ. ಯಾರ್ ಕೇಳಿದ್ರೂ ಅಂಗೇ ಏಳ್ಬುಡಿ ಸ್ವಾಮಿ.”