ಅರ್ಲಿಸಳ ಗಾಜಿನ ಪಾತ್ರೆ

ಕಾರಿನ ಸೀಟಿನಿಂದ ಪಾತ್ರೆ ಮೇಲೇಳಲೇ ಇಲ್ಲ. ಅರ್ಲಿಸ್ ಎರಡೂ ಕೈಯನ್ನು ಅದರ ಅಡಿಗೆ ತೂರಿಸಿ ನೋಡಿದಳು. ಬಲಗಂಕುಳಿನ ಹೊಲಿಗೆ ಚುರುಕ್ ಎಂದಿತು. ಮನೆಯಿಂದ ಹೇಗೋ ಹೊಟ್ಟೆಗೆ ಆನಿಸಿಕೊಂಡು ತಂದಿದ್ದಳು, ಇನ್ನು ಆಗದು. ಆಲೂಗಡ್ಡೆ, ಕೊಚ್ಚಿದ ಮಾಂಸ, ಬಟಾಣಿ ಸೇರಿಸಿ ಬೇಯಿಸಿದ್ದು ಇನ್ನೂ ಬಿಸಿಯಾಗಿತ್ತು. ಕಾರು ನಿಂತದ್ದು ಗೆಳತಿ ವೆರ್ನಾಳ ಮನೆಯೆದುರು. ಅವಳ ಗಂಡ ಹಾರ್ಲನ್ ಹೆಪ್ಪುಗಟ್ಟಿದ ಹಿಮದ ಮೇಲೆ ಜಾರಿ ಕಾಲು ಮುರಿದುಕೊಂಡು ಮಲಗಿದ್ದ.

ಅಮೆರಿಕದ ಮಿನ್ನೆಸೋಟದ ಆ ಊರಿನಲ್ಲಿ ಯಾರು ಹಾಸಿಗೆ ಹಿಡಿದರೂ ಚರ್ಚಿನ ಹೆಂಗಸರು ಸರದಿಯ ಮೇಲೆ ಊಟ ಒಯ್ಯುತ್ತಾರೆ. ಪಾತ್ರೆಯ ತಳಕ್ಕೆ ಹೆಸರು ಬರೆದ ಪಟ್ಟಿ ಅಂಟಿಸಿರಬೇಕು. ತಿಂದ ಮನೆಯವರು ಅದನ್ನು ಖಾಲಿ ಮರಳಿಸಬಾರದು, ನಾಲ್ಕು ಬಿಸ್ಕತ್ತಾದರೂ ಇಟ್ಟು ಕೊಡಬೇಕು. ಯಾರ ಮನೆಗೆ ಯಾರು ಎಂದು ಫೋನ್ ಮಾಡಿ ಗೊತ್ತುಮಾಡುವವಳೇ ಅರ್ಲಿಸ್. ಗಂಡ ಸತ್ತಮೇಲಂತೂ ಊರ ಉಸಾಬರಿಯೇ ಅವಳ ಸಂಸಾರ. ಅಂಥವಳು ತನ್ನ ಎದೆಯ ಗಂಟು ತೆಗೆಸಿಕೊಂಡಾಗ ಯಾರಿಗೆ ಫೋನ್ ಮಾಡಿಯಾಳು? ನನಗೂ ಊಟ ತನ್ನಿ ಎಂದು ಬಾಯಿಬಿಟ್ಟು ಕೇಳುವುದೇ? ಛೇ! ಬಾಡಿಗೆ ಕಾರಿನಲ್ಲಿ ಆಸ್ಪತ್ರೆಗೆ ಹೋಗಿ, ಬಾಡಿಗೆ ಕಾರಿನಲ್ಲೇ ಬಂದು, ಯಾರೂ ಇಣುಕದ ಹಾಗೆ, ಗೆಳತಿಯರು ಬಂದುಹೋಗುವ ಹಿಂಬಾಗಿಲಿಗೆ ಚಿಲಕ ಹಾಕಿ, ಒಣ ಬ್ರೆಡ್ ತಿಂದು ಬಿದ್ದುಕೊಂಡಿದ್ದಳು. ಇವತ್ತು ಸರದಿಯವಳು ಆಗುವುದಿಲ್ಲ ಎಂದಾಗ ಹಲ್ಲು ಕಚ್ಚಿ ಎದ್ದು ತಾನೇ ಬೇಯಿಸಿದಳು. ಈಗ ಮೈಯಲ್ಲಿ ಹನಿ ತ್ರಾಣವಿರಲಿಲ್ಲ.

ವೆರ್ನಾ ಚಪ್ಪಲಿಯಲ್ಲೇ ಹೊರಬಂದು ಕಾರಿನ ಗಾಜು ತಟ್ಟಿದಳು. "ಒಳಗೆ ಬರೋದು ಬಿಟ್ಟು ಇಲ್ಲೇನೇ ಬೇರು ಬಿಟ್ಟಿದ್ದೀಯ?"

"ಪಾತ್ರೆ ಎತ್ತೋಕೆ ಆಗ್ತಿಲ್ಲ."

"ಯಾಕೆ?"

ಚಳಿಗೆ ಕೈ ಹಿಡಿದುಕೊಂಡಿದೆ ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ಹೇಳುವುದಕ್ಕೂ ತ್ರಾಣ ಬೇಕಲ್ಲ. "ಗುರುವಾರ ಆಪರೇಷನ್ ಆಯ್ತು. ಎದೇಲಿ ಗಂಟಿತ್ತು."

ವೆರ್ನಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. ಆಮೇಲೆ ಸಿಟ್ಟು ಬಂತು. "ನಮ್ಮಮ್ಮ ಹೋದಾಗ ನೀನು ತಂದಿದ್ದನ್ನ ತಿಂದೇ ನಾನು ಎದ್ದು ಕೂತಿದ್ದು. ನಾವೆಲ್ಲ ನಿನ್ನ ಕೈಲಿ ತಿನ್ನಬೇಕು, ನೀನು ಮಾತ್ರ ನಮ್ಮ ಕೈಲಿ ತಿನ್ನಬಾರ್ದು. ಇದೆಂಥ ಪ್ರೀತಿನೇ? ಸೊಕ್ಕು ಕಣೇ ಇದು."

ಆ ಮಾತು ಹೊಲಿಗೆಗಿಂತ ಹೆಚ್ಚು ನೋಯಿಸಿತು. "ಕೇಳೋಕೆ ನಂಗೆ ಬರಲ್ಲ ಕಣೇ" ಎನ್ನುವಷ್ಟರಲ್ಲಿ ಅರ್ಲಿಸಳಿಗೆ ಅಳು ಬಂದುಬಿಟ್ಟಿತು.

ವೆರ್ನಾ ಒಳಗೆ ಹೋಗಿ ಗಂಡನಿಗೆ ಹೇಳಿ, ಬೂಟು ಮೆಟ್ಟಿಕೊಂಡು ಬಂದಳು. ಅವನಿಗೆ ನಿನ್ನೆಯ ಊಟವೇ ಬೇಕಾದಷ್ಟು ಉಳಿದಿದೆ, ಅತ್ತ ಸರಿ ಎಂದು ಅರ್ಲಿಸಳನ್ನು ಪಕ್ಕದ ಸೀಟಿಗೆ ದಬ್ಬಿ, ಪಾತ್ರೆಯ ಸಮೇತ ಎರಡು ಬೀದಿಯಾಚೆಯ ಅವಳ ಮನೆಗೇ ಕಾರು ತಿರುಗಿಸಿದಳು. ಅಡುಗೆಮನೆಯಲ್ಲಿ ಕೂರಿಸಿ ತಟ್ಟೆಗೆ ಬಡಿಸಿದಳು.

ಇಷ್ಟು ವರ್ಷ ಊರಿಗೆಲ್ಲ ಉಣಿಸಿದ್ದನ್ನು ಅರ್ಲಿಸ್ ಕೂತು ಬಿಸಿಯಾಗಿ ಉಂಡದ್ದೇ ಇಲ್ಲ. ಎರಡು ತುತ್ತು ನುಂಗಿ, "ಉಪ್ಪು ಕಡಿಮೆ" ಎಂದಳು.

"ಯಾವಾಗ್ಲೂ ಕಡಿಮೇನೇ" ಎಂದು ವೆರ್ನಾ ಉಪ್ಪಿನ ಡಬ್ಬಿ ಮುಂದೆ ತಳ್ಳಿದಳು. ಇಬ್ಬರಿಗೂ ನಗು ಬಂತು. ನಕ್ಕರೆ ಹೊಲಿಗೆ ನೋಯುತ್ತಿತ್ತು.

ಉಳಿದದ್ದನ್ನು ಬಟ್ಟಲಿಗೆ ತೆಗೆದಿಟ್ಟು ವೆರ್ನಾ ಗಾಜಿನ ಪಾತ್ರೆ ತೊಳೆದು ಒರೆಸಿದಳು. ಅರ್ಲಿಸ್ ಅದರ ಜಾಗ ಮೇಲಿನ ಕಪಾಟು ಎಂದು ಕೈ ತೋರಿಸಿದಳು. ವೆರ್ನಾ ಪಾತ್ರೆಯನ್ನು ಮಗುಚಿ ತಳದ ಪಟ್ಟಿಯ ಮೇಲಿದ್ದ ಹೆಸರು ನೋಡಿದಳು. ಆಮೇಲೆ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಕಡೆ ನಡೆದಳು.

"ಖಾಲಿ ಪಾತ್ರೆ ಹಿಂದಿರುಗಿಸೋದುಂಟಾ? ನಾಳೆ ತರ್ತೀನಿ."

ಬೂಟಿನ ಸದ್ದು ದೂರವಾಯಿತು. ಅರ್ಲಿಸ್ ಗೋಡೆ ಹಿಡಿದುಕೊಂಡು ಹಿಂಬಾಗಿಲವರೆಗೆ ಹೋದಳು. ಕೈ ತಾನಾಗಿ ಚಿಲಕದ ಮೇಲೆ ಹೋಯಿತು. ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡು ನಿಂತಿದ್ದು, ಹಾಕದೆ ಹಾಗೇ ಬಿಟ್ಟು ಬಂದು ಮಲಗಿದಳು.